ಆದಿಲ್‌ಶಾಹಿ ಊರಲ್ಲಿ ಕೂತು ನೈಸಿಯಾ ಓದುವುದು

ಹಳೇ ಧರ್ಮಸಭೆಗಳ ಜಗಳ ಓದುವುದೊಂದು ಚಟ. ಕ್ರಿಕೆಟ್ ಹುಚ್ಚಿನವರು 1983ರ ಫೈನಲ್ಲಿನಲ್ಲಿ ಯಾರು ಯಾರ ಬೌಲಿಂಗಿಗೆ ಔಟಾದರು ಎಂದು ಹೇಳುವ ಹಾಗೆ, ಈ ಚಟದವರು ಕ್ರಿ.ಶ. 325ರ ನೈಸಿಯಾ ಸಭೆಯಲ್ಲಿ ಯಾವ ಬಿಷಪ್ ಯಾರ ಕಡೆ ಕೂತಿದ್ದ ಎಂದು ಹೇಳಬಲ್ಲರು. ಕೇಳುವವರು ಮಾತ್ರ ಸಿಗುವುದಿಲ್ಲ.

ಈ ಓದಿಗೆ ವಿಜಯಪುರದಂಥ ಊರು ಇನ್ನೊಂದಿಲ್ಲ ಎಂದರೆ ಮಂಗಳೂರಿನವರು ನಕ್ಕಾರು. ಚರ್ಚುಗಳ ಸಂಖ್ಯೆ, ಕ್ರೈಸ್ತರ ಜನಬಲ ಲೆಕ್ಕ ಹಾಕಿದರೆ ಅವರು ನಗುವುದೇ ಸರಿ. ನಾನು ಹೇಳುತ್ತಿರುವುದು ಬೇರೆ. ದೊರೆ ಬದಲಾದಾಗಲೆಲ್ಲ ಸರಿಯಾದ ನಂಬಿಕೆ ಯಾವುದು ಎಂಬುದೂ ಬದಲಾಗುವುದನ್ನು ಕಂಡ ಊರು ಇದು. ಯೂಸುಫ್ ಆದಿಲ್ ಶಾ ಶಿಯಾ ಪಂಥವನ್ನು ರಾಜ್ಯದ ಪಂಥ ಮಾಡಿದ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಇಬ್ರಾಹಿಂ ಅದನ್ನು ತೆಗೆದು ಸುನ್ನಿ ಖುತ್ಬಾ (ಶುಕ್ರವಾರದ ಪ್ರವಚನ) ಓದಿಸಿದ. 1558ರಲ್ಲಿ ಅವನ ಮಗ ಅಲಿ ಮತ್ತೆ ಶಿಯಾ ಖುತ್ಬಾ ಓದಿಸಿದ. ಎರಡನೇ ಇಬ್ರಾಹಿಮನ ಕಾಲಕ್ಕೆ ಮತ್ತೆ ಸುನ್ನಿ. ಇದೇ ಊರಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಇದನ್ನೆಲ್ಲ ದಾಖಲಿಸಿದ್ದಾನೆ. ಅವನನ್ನು ಓದಿ ನಾಲ್ಕನೇ ಶತಮಾನದ ರೋಮನ್ ಸಾಮ್ರಾಜ್ಯಕ್ಕೆ ಹೋದರೆ, ಹೆಸರು ಬೇರೆ, ನಡೆದದ್ದು ಅದೇ ಅನ್ನಿಸುತ್ತದೆ.

ಅಲ್ಲಿ ಪ್ರಶ್ನೆ ಇದ್ದದ್ದು ಯೇಸುವಿನ ಬಗ್ಗೆ. ಕ್ರೈಸ್ತರು ಮೊದಲಿನಿಂದಲೂ ದೇವರು ಒಬ್ಬನೇ ಅನ್ನುತ್ತಿದ್ದರು. ಜತೆಗೇ ಕ್ರಿಸ್ತನಿಗೂ ಸ್ತುತಿ ಹಾಡುತ್ತಿದ್ದರು, ತಂದೆ, ಮಗ, ಪವಿತ್ರಾತ್ಮ ಎಂದು ಮೂರು ಹೆಸರು ಹೇಳಿ ದೀಕ್ಷಾಸ್ನಾನ ಕೊಡುತ್ತಿದ್ದರು. ಈ ಲೆಕ್ಕ ಕೂಡುವುದು ಹೇಗೆ? ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ನೇರವಾಗಿ ಕೂಡಿಸಿದ: ಮಗ ಎಲ್ಲ ಸೃಷ್ಟಿಗಿಂತ ಮೇಲು, ಕಾಲಕ್ಕಿಂತ ಮೊದಲಿನವನು, ಆದರೂ ಸೃಷ್ಟಿಯಾದವನೇ. ಅವನು ತನ್ನ ಮತವನ್ನು ಹಾಡು ಕಟ್ಟಿ ನಾವಿಕರ, ಬೀಸುವವರ, ದಾರಿಹೋಕರ ಬಾಯಿಗೆ ಹಾಕಿದ ಎಂದು ಹಳೆಯ ಇತಿಹಾಸಕಾರರು ಹೇಳುತ್ತಾರೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೊಟ್ಟಿಯ ಬೆಲೆ ಕೇಳಿದರೂ ತಂದೆ ದೊಡ್ಡವನು, ಮಗ ಅವನಿಗಿಂತ ಕೆಳಗಿನವನು ಎಂಬ ಉತ್ತರ ಬರುತ್ತಿತ್ತು ಎಂದು ನಿಸ್ಸಾದ ಗ್ರೆಗರಿ ರೇಗಿದ್ದಾನೆ. ಸಿದ್ಧಾಂತ ಪಂಡಿತರ ಕೋಣೆಯ ವಸ್ತು ಎಂದು ತಿಳಿದವರು ಈ ಬಜಾರಿನ ಗದ್ದಲವನ್ನು ಗಮನಿಸಬೇಕು.

ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಬಿಷಪ್ಪರನ್ನು ನೈಸಿಯಾದಲ್ಲಿ (ಈಗ ತುರ್ಕಿಯ ಇಜ್ನಿಕ್) ಸೇರಿಸಿದ. ಮಗನೂ ತಂದೆಯಷ್ಟೇ ದೇವರು ಎಂಬ ವಿಶ್ವಾಸ ಪ್ರಮಾಣ ಹೊರಬಂತು, ಆರಿಯಸ್ ಗಡೀಪಾರಾದ. ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಕಥೆ ಇಲ್ಲಿಂದ ಶುರು. ಕೆಲವೇ ವರ್ಷಗಳಲ್ಲಿ ಅದೇ ಕಾನ್‌ಸ್ಟಂಟೈನ್ ಆರಿಯಸನನ್ನು ವಾಪಸು ಕರೆಸಿದ. 337ರಲ್ಲಿ ಸಾಯುವ ಮೊದಲು ಅವನು ದೀಕ್ಷಾಸ್ನಾನ ಪಡೆದದ್ದು ಆರಿಯಸನ ಕಡೆಯ ಬಿಷಪ್ಪನಿಂದಲೇ. ಮಗ ಕಾನ್‌ಸ್ಟಾಂಟಿಯಸ್ ನೈಸಿಯಾಕ್ಕೆ ವಿರೋಧಿ. ಆಮೇಲೆ ಬಂದ ಜೂಲಿಯನ್ ಹಳೇ ದೇವರುಗಳ ಭಕ್ತ. ವೇಲೆನ್ಸ್ ಮತ್ತೆ ಆರಿಯಸನ ಕಡೆ. 380ರಲ್ಲಿ ಥಿಯೊಡೋಸಿಯಸ್ ಬಂದು ನೈಸಿಯಾವೇ ಸರಿ ಎಂದು ಆಜ್ಞೆ ಹೊರಡಿಸಿದ. ಮರುವರ್ಷದ ಕಾನ್‌ಸ್ಟಾಂಟಿನೋಪಲ್ ಸಭೆ ಪವಿತ್ರಾತ್ಮನ ಮಾತನ್ನೂ ಸೇರಿಸಿತು. ಭಾನುವಾರದ ಪೂಜೆಯಲ್ಲಿ ಇಂದಿಗೂ ಹೇಳುವ ಪ್ರಮಾಣದ ರೂಪ ಬಂದದ್ದು ಆ ಸಭೆಯಿಂದ. ನೈಸಿಯಾಕ್ಕೆ 2025ರಲ್ಲಿ 1700 ವರ್ಷ ತುಂಬಿದವು.

ಹಾಗಾದರೆ ಸಿಂಹಾಸನವೇ ಸಿದ್ಧಾಂತ ಮಾಡಿತೇ? ಹೌದು ಅನ್ನುವವರ ಪುಸ್ತಕಗಳು ಬೇಕಾದಷ್ಟಿವೆ, ಚೆನ್ನಾಗಿ ಮಾರಾಟವೂ ಆಗುತ್ತವೆ. ನನಗೆ ಒಪ್ಪಿಗೆಯಿಲ್ಲ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸನನ್ನು ನೋಡಿ. ಐದು ಬಾರಿ ಗಡೀಪಾರಾದ, ಒಟ್ಟು 17 ವರ್ಷ ಊರ ಹೊರಗೇ ಕಳೆದ, ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ನಡುವೆ ತಲೆಮರೆಸಿಕೊಂಡು ಬರೆದ. ಅವನ ವಾದದ ಗಟ್ಟಿ ಎಳೆ ಇದು: ಕ್ರಿಸ್ತ ಸೃಷ್ಟಿಯೇ ಆಗಿದ್ದರೆ ಅವನನ್ನು ಪೂಜಿಸುವ ನಾವೆಲ್ಲ ವಿಗ್ರಹಾರಾಧಕರು, ಸೃಷ್ಟಿಯಾದವನು ಸೃಷ್ಟಿಯನ್ನು ಉದ್ಧರಿಸಲಾರ. ಜನ ಮಾಡುತ್ತಿದ್ದ ಪೂಜೆಯೇ ಮೊದಲು, ಅದಕ್ಕೆ ಹೊಂದುವ ವಿವರಣೆ ಆಮೇಲೆ. ಕಾನ್‌ಸ್ಟಾಂಟಿಯಸ್ ಸೈನ್ಯ ಇಟ್ಟುಕೊಂಡು ಬರೆಸಿದ ಪ್ರಮಾಣಗಳನ್ನು ಇವತ್ತು ಯಾವ ಚರ್ಚಿನಲ್ಲೂ ಯಾರೂ ಹೇಳುವುದಿಲ್ಲ.

ಈಗ ನಮ್ಮೂರಿಗೆ ಬರೋಣ. ವರ್ಷ 1561. ಇಲ್ಲಿನ ಅರಮನೆ ಗಗನ ಮಹಲ್ ಕಟ್ಟಿದ್ದೂ ಅದೇ ಸುಮಾರಿಗೆ ಎನ್ನುತ್ತಾರೆ. ಪ್ರಯಾಣದಲ್ಲೂ ಪುಸ್ತಕದ ಪೆಟ್ಟಿಗೆ ಬಿಡದ ಅಲಿ ಆದಿಲ್ ಶಾ ಗೋವೆಯ ಆರ್ಚ್‌ಬಿಷಪ್ ಗಾಸ್ಪರ್ ದ ಲಿಯಾಂವ್‌ಗೆ ಹೇಳಿಕಳಿಸಿ ಕ್ರೈಸ್ತ ಧರ್ಮ ಬಲ್ಲವರನ್ನು ಕರೆಸಿಕೊಂಡ. ಬಂದವರಲ್ಲಿ ಒಬ್ಬ ಜೆಸ್ವಿಟ್ ಪಾದ್ರಿ ಗೊನ್ಸಾಲೊ ರೊಡ್ರಿಗಸ್, ಜತೆಗೊಬ್ಬ ಡೊಮಿನಿಕನ್. ಅಕ್ಬರ್ ಜೆಸ್ವಿಟರನ್ನು ಫತೇಪುರ ಸಿಕ್ರಿಗೆ ಕರೆಸಿದ್ದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಅವರು ಅಲ್ಲಿಗೆ ಮುಟ್ಟಿದ್ದು 1580ರಲ್ಲಿ. ನಮ್ಮ ಅಲಿ 19 ವರ್ಷ ಮುಂದಿದ್ದ. ಗೋವೆಯ ಕಡೆಯಿಂದ ಇವತ್ತು ಬರುವವರು ಅಥಣಿ ಮೇಲಾಸಿ ತಿಕೋಟಾ ಹಾಯ್ದು, ಇಲ್ಲವೇ ಜಮಖಂಡಿ ಮೇಲಾಸಿ ಬಬಲೇಶ್ವರ ಹಾಯ್ದು ಊರು ಸೇರುತ್ತಾರೆ. ಆ ದಾರಿಯಲ್ಲಿ ಎಲ್ಲೂ ಈ ಭೇಟಿಯನ್ನು ನೆನಪಿಸುವ ಒಂದು ಫಲಕವೂ ಇಲ್ಲ.

ಭೇಟಿ ಫಲ ಕೊಡಲಿಲ್ಲ. ಸುಲ್ತಾನ ಕ್ರೈಸ್ತನಾಗಲಿಲ್ಲ, ಪಾದ್ರಿಗಳು ವಾಪಸಾದರು. ನನಗೆ ಆಶ್ಚರ್ಯವಿಲ್ಲ. ಗೋವೆಯಲ್ಲಿ ಹಿಂದಿನ ವರ್ಷವಷ್ಟೇ ಇನ್‌ಕ್ವಿಸಿಷನ್ ಶುರುವಾಗಿತ್ತು. ಅದೇ 1561ರಲ್ಲಿ ಗೋವೆಯ ಅಚ್ಚುಕೂಟದಿಂದ ಆರ್ಚ್‌ಬಿಷಪ್ಪರ ‘ಕಾಂಪೆಂಡಿಯೊ ಸ್ಪಿರಿಚುವಲ್’ ಹೊರಬಂದಿತ್ತು. ಭಾರತದಲ್ಲಿ ಅಚ್ಚಾಗಿ ಈಗ ಉಳಿದಿರುವ ಪುಸ್ತಕಗಳಲ್ಲಿ ಅದೇ ಅತಿ ಹಳೆಯದು. ಆ ಕಾಲದ ಗೋವೆಯಲ್ಲಿ ಸಿದ್ಧಾಂತ ಎಂದರೆ ಮುದ್ರೆ ಒತ್ತಿ ಮುಗಿದ ಪತ್ರ. ನಾನೂರು ವರ್ಷ ಬಜಾರು, ಮರುಭೂಮಿ, ಅರಮನೆಗಳಲ್ಲಿ ಬಡಿದಾಡಿ ರೂಪುಗೊಂಡದ್ದು ಎಂಬ ನೆನಪೇ ಅಳಿಸಿಹೋಗಿತ್ತು.

ಇಂಥ ಮಾತುಕತೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬಾಗ್ದಾದಿನಲ್ಲಿ ಮೊದಲೇ ಇತ್ತು. ಸುಮಾರು 781ರಲ್ಲಿ ಖಲೀಫ ಅಲ್‌ ಮಹ್ದಿ, ಪೂರ್ವ ಸಭೆಯ ಪಿತೃಪ್ರಧಾನ ತಿಮೊಥಿಯನ್ನು ಎದುರಿಗೆ ಕೂರಿಸಿಕೊಂಡು ಎರಡು ದಿನ ಪ್ರಶ್ನೆ ಕೇಳಿದ. ದೇವರು ಒಬ್ಬನಾದರೆ ಮೂವರು ಹೇಗೆ? ತಿಮೊಥಿ ಸೂರ್ಯ, ಅವನ ಬೆಳಕು, ಅವನ ಬಿಸಿ ತೋರಿಸಿ ವಿವರಿಸಿದ. ಇಬ್ಬರೂ ಸೋಲಲಿಲ್ಲ, ಗೆಲ್ಲಲಿಲ್ಲ. ಬರಹ ಮಾತ್ರ ಈಗಲೂ ಓದಲು ರುಚಿಯಾಗಿದೆ.

ತಿಮೊಥಿಯ ಸಭೆಗೆ ರೋಮಿನ ಕಡೆಯವರು ಇಟ್ಟ ಹೆಸರು ನೆಸ್ಟೋರಿಯನ್. 431ರ ಎಫೆಸಸ್ ಸಭೆ ಮರಿಯಮ್ಮನನ್ನು ದೇವಮಾತೆ ಎನ್ನಬಹುದು ಎಂದು ತೀರ್ಮಾನಿಸಿ, ಅದಕ್ಕೆ ತಕರಾರು ಎತ್ತಿದ್ದ ನೆಸ್ಟೋರಿಯಸನನ್ನು ಪದವಿಯಿಂದ ಇಳಿಸಿತು. ಆದರೆ ತಿಮೊಥಿಯ ಸಭೆ, ಅಂದರೆ ಪರ್ಷಿಯದ ಚರ್ಚು, ರೋಮನ್ ಚಕ್ರವರ್ತಿಯ ಕೈಗೆ ಸಿಗದ ನೆಲದಲ್ಲಿತ್ತು. ಅಲ್ಲಿನ ಕ್ರೈಸ್ತರು ವ್ಯಾಪಾರದ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಬಂದರು. ಸುಮಾರು 550ರಲ್ಲಿ ಬರೆದ ಕಾಸ್ಮಸ್ ಎಂಬ ವರ್ತಕ, ಕಲ್ಲಿಯಾನದಲ್ಲಿ ಪರ್ಷಿಯದಿಂದ ನೇಮಕವಾದ ಬಿಷಪ್ ಇದ್ದ ಎನ್ನುತ್ತಾನೆ. ಅದು ಮುಂಬಯಿ ಹತ್ತಿರದ ಕಲ್ಯಾಣ ಎನ್ನುವವರು ಹೆಚ್ಚು, ಉಡುಪಿ ಬಳಿಯ ಕಲ್ಯಾಣಪುರ ಎನ್ನುವವರೂ ಇದ್ದಾರೆ. ಒಂದನೇ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ ಶಾಸನ 543ರದು. ಎಫೆಸಸ್ಸಿನ ಜಗಳದ ಒಂದು ಕವಲು ಚಾಲುಕ್ಯರ ಕಾಲಕ್ಕೇ ನಮ್ಮ ಕಡಲ ದಂಡೆಗೆ ಮುಟ್ಟಿತ್ತು ಎಂದಾಯಿತು.

ಆ ಕವಲು ಮುಗಿದದ್ದು ಬೇಸರದ ರೀತಿಯಲ್ಲಿ. 1599ರ ಜೂನ್‌ನಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಕೇರಳದ ಉದಯಂಪೇರೂರಿನಲ್ಲಿ ಸಭೆ ಕರೆದು, ಪರ್ಷಿಯದ ಚರ್ಚಿನ ನಂಟಿದ್ದ ಸಂತ ತೋಮಾ ಕ್ರೈಸ್ತರ ಸಿರಿಯಾಕ್ ಪುಸ್ತಕಗಳಲ್ಲಿ ನೆಸ್ಟೋರಿಯಸನ ವಾಸನೆ ಕಂಡಿದ್ದನ್ನೆಲ್ಲ ತಿದ್ದಿಸಿದ, ಇಲ್ಲವೇ ಸುಡಿಸಿದ. ಅದೇ ವರ್ಷ ಎರಡನೇ ಇಬ್ರಾಹಿಂ ತೊರವಿ ಹತ್ತಿರ ನವರಸಪುರ ಕಟ್ಟಲು ಶುರುಮಾಡಿದ. ಆ ದಾರಿಯಲ್ಲೇ ಮುಂದೆ ಹೋದರೆ ತಿಕೋಟಾ, ಒಣದ್ರಾಕ್ಷಿಯ ಸೀಮೆ. ತೋಮಾ ಕ್ರೈಸ್ತರು ಪೂಜೆಯ ದ್ರಾಕ್ಷಾರಸಕ್ಕೆ ಒಣದ್ರಾಕ್ಷಿಯನ್ನೇ ನೆನೆಸಿ ಹಿಂಡುತ್ತಿದ್ದರು. ತಿಕೋಟಾದ ಬೆಳೆಗಾರರಿಗೆ ಈ ಮಾತು ಹೇಳಿ ನೋಡಿ, ಎಫೆಸಸ್ಸಿಗಿಂತ ಇದರಲ್ಲಿ ಹೆಚ್ಚು ಆಸಕ್ತಿ ತೋರಿಸುತ್ತಾರೆ.

ಓದುವ ಸಾಮಗ್ರಿ ನಮ್ಮೂರಲ್ಲೂ ಇತ್ತು. ಇಲ್ಲಿನ ಆಸಾರ್ ಮಹಲಿನಲ್ಲಿ ಉಳಿದಿದ್ದ ನಾನೂರಕ್ಕೂ ಹೆಚ್ಚು ಅರಬ್ಬಿ, ಫಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದರಲ್ಲಿ ಧರ್ಮಮೀಮಾಂಸೆಯ ಗ್ರಂಥಗಳೂ ಇವೆ. ಅವುಗಳ ಡಿಜಿಟಲ್ ಪ್ರತಿ ತರಿಸಿ ನಮ್ಮೂರಲ್ಲೇ ಇಡುವ ಕೆಲಸವನ್ನು ಇಲ್ಲಿನ ಯಾವುದಾದರೂ ಕಾಲೇಜು ಮಾಡಬೇಕು.

ಓದು ಶುರುಮಾಡುವವರಿಗೆ ಒಂದು ಮಾತು. ಮಹಾಸಭೆಗಳ ನಿರ್ಣಯದ ಪಟ್ಟಿಯಿಂದ ಶುರುಮಾಡಬೇಡಿ, ಎರಡನೇ ಪುಟಕ್ಕೇ ನಿದ್ದೆ ಬರುತ್ತದೆ. ದೇವರ ವಾಕ್ಯ ಮನುಷ್ಯನಾದದ್ದರ ಬಗ್ಗೆ ಅಥನಾಸಿಯಸ್ ಬರೆದ ಪುಟ್ಟ ಪುಸ್ತಕ ಹಿಡಿಯಿರಿ, ಆಮೇಲೆ ತಿಮೊಥಿಯ ಸಂವಾದ. ಎರಡರ ಇಂಗ್ಲಿಷ್ ಅನುವಾದಗಳೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.