ಅರಮನೆ ಡೈರಿಯಿಂದ ಹುತ್ತೂರಿನ ಕೊಟ್ಟಿಗೆಗೆ

ಪಶುವೈದ್ಯ ಪಠ್ಯಗಳು ಡಾ. ಸಂಪತ್ ಕುಮಾರನ್ ಅವರಿಗೆ ಕೊಟ್ಟಿರುವುದು ಹೆಚ್ಚೆಂದರೆ ಎರಡು ಸಾಲು. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ ಭಾರತದ ಮೊದಲ ಕೃತಕ ಗರ್ಭಧಾರಣೆ ನಡೆಸಿದವರು ಅವರು. ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಹಾಕಿದರು. 33 ಹಸುಗಳು ಗಬ್ಬವಾದವು.

ಅಷ್ಟು ದೊಡ್ಡ ಕೆಲಸಕ್ಕೆ ಎರಡು ಸಾಲು ತೀರಾ ಕಡಿಮೆ.

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಸೀಮೆಯಲ್ಲಿ ಹುತ್ತೂರು ಹೋಬಳಿಯ ರೈತನಿಗೆ ಟೊಮೆಟೊ ಬೆಲೆ ಕುಸಿದಾಗಲೂ, ಬೋರ್‌ವೆಲ್ ಬತ್ತಿದಾಗಲೂ ಕೈಗೆ ಬರುವುದು ಡೈರಿಯ ಬಟವಾಡೆ. ಆ ಹಾಲಿನ ಹಿಂದೆ ಇರುವುದು ಸೀಮೆಹಸು, ಅಂದರೆ ವಿದೇಶಿ ತಳಿ ಬೆರೆತ ಹಸು. ಸೀಮೆಹಸುವಿನ ಹಿಂದೆ, ಊರವರು ಬರೀ ‘ಇಂಜೆಕ್ಷನ್’ ಎನ್ನುವ ಈ ವಿದ್ಯೆ. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಗ್ಲಿಸರಾಲ್ ಬೆರೆಸಿ ವೀರ್ಯಾಣುಗಳನ್ನು ಹೆಪ್ಪುಗಟ್ಟಿಸುವ ದಾರಿ ಕಂಡುಕೊಂಡರು. ಮುಂದೆ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಬಂತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ವೀರ್ಯದ ಕಡ್ಡಿಗಳು ಮುಳಬಾಗಿಲು, ಶ್ರೀನಿವಾಸಪುರದ ಮೂಲೆಯ ಹಳ್ಳಿಗಳನ್ನೂ ಮುಟ್ಟಿದವು. ಊರಿಗೊಂದು ಒಳ್ಳೆಯ ಹೋರಿ ಸಾಕಲಾಗದ ಬಡವರಿಗೆ ಇದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ.

ಆದರೆ ವಿಜ್ಞಾನ ಎಷ್ಟೇ ಮುಂದುವರಿದರೂ ಹಸು ಗಬ್ಬ ನಿಲ್ಲುವುದು ಕೊಟ್ಟಿಗೆಯಲ್ಲಿ ಕಣ್ಣಿಟ್ಟವರಿಂದ. 21 ದಿನಕ್ಕೊಮ್ಮೆ ಬರುವ ಬೆದೆ ಒಂದು ದಿನವೂ ಪೂರ್ತಿ ನಿಲ್ಲದು. ಹಸು ಸುಮ್ಮಸುಮ್ಮನೆ ಅರಚುವುದು, ತಿಳಿಲೋಳೆ ಸೋರುವುದು, ಮೇವು ಬಿಡುವುದು, ಇವನ್ನೆಲ್ಲ ಮೊದಲು ಗುರುತಿಸುವವರು ಮನೆಯ ಹೆಂಗಸರು. ಬೆಳಿಗ್ಗೆ ಕಂಡ ಬೆದೆಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುಬೆಳಿಗ್ಗೆ ವೀರ್ಯ ಹಾಕಿಸಬೇಕು. ಈ ಹೊತ್ತು ತಪ್ಪಿದರೆ ಮತ್ತೆ ಮೂರು ವಾರ ದಂಡ. ಆದ್ದರಿಂದ ಬೆದೆ ಗುರುತಿಸುವ ತರಬೇತಿ ಮೊದಲು ಸಲ್ಲಬೇಕಾದದ್ದು ಈ ಹೆಂಗಸರಿಗೆ.

ಬೆದೆಯ ಹೊತ್ತು ತಪ್ಪುವುದಕ್ಕಿಂತ ಆಳದ ಲೋಪ ಇನ್ನೊಂದಿದೆ. ಸಂಪತ್ ಕುಮಾರನ್ ಅವರ ಪ್ರಯೋಗದಲ್ಲಿ ತಾಯಿ ಹಳ್ಳಿಕಾರ್. ಹುಟ್ಟುವ ಕರುವಿನಲ್ಲಿ ಅರ್ಧ ಈ ನೆಲದ ರಕ್ತ. ಆ ಕರು ಬೆಳೆದಾಗ ಮತ್ತೆ ಸೀಮೆಹೋರಿಯ ವೀರ್ಯವನ್ನೇ ಹಾಕಿದರೆ ಹುಟ್ಟುವ ಮಗಳಲ್ಲಿ ಸೀಮೆಯ ಪಾಲು ಶೇ. 75, ಅದಕ್ಕೂ ಹಾಗೇ ಮಾಡಿದರೆ ಅದರ ಮಗಳಲ್ಲಿ ಶೇ. 87.5. ಹಾಲು ಏರುವ ಆಸೆಯೇನೋ ಸಹಜ. ಆದರೆ ಸೀಮೆಯ ಪಾಲು ಹೆಚ್ಚಿದಷ್ಟೂ ಹಸು ಬಿಸಿಲಿಗೆ ಏದುಸಿರು ಬಿಡುತ್ತದೆ, ಹಸಿಮೇವನ್ನೂ ನೀರನ್ನೂ ಹೆಚ್ಚು ಬೇಡುತ್ತದೆ. ಸೊರಗಿದ ಹಸು ಬೇಗ ಗಬ್ಬವೂ ಕಟ್ಟದು. ನೀರಿಗೇ ಪರದಾಡುವ ಜಿಲ್ಲೆಗೆ ಇದು ಹೊಂದುವ ತಳಿಯಲ್ಲ. ಅರಮನೆ ಡೈರಿಯ ಪ್ರಯೋಗದಿಂದ ಹೋರಿಯನ್ನಷ್ಟೇ ನೆನಪಿಟ್ಟುಕೊಂಡು ತಾಯಿಹಸುವನ್ನು ಮರೆತದ್ದು ನಮ್ಮ ತಪ್ಪು.

ಮುಂದಿನ ಸಲ ಇಂಜೆಕ್ಷನ್ ಹಾಕಿಸುವ ಮೊದಲು, ನಿಮ್ಮ ಹಸುವಿನಲ್ಲಿ ಸೀಮೆಯ ಪಾಲು ಎಷ್ಟು, ಹಾಕುತ್ತಿರುವ ಕಡ್ಡಿ ಯಾವ ತಳಿಯ ಹೋರಿಯದು ಎಂದು ಡಾಕ್ಟರನ್ನು ಕೇಳಿ, ಬರೆದಿಟ್ಟುಕೊಳ್ಳಿ.