ಗದಾಯುದ್ಧ ನಾಟಕವೂ ವಿದ್ಯಾರ್ಥಿನಟರ ಪದ್ಯವಾಚನವೂ

ಕ್ರಿ. ಶ. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ರನ್ನಕವಿಯ ಚಂಪೂಕಾವ್ಯವನ್ನು ರಂಗಕ್ಕೆ ಅಳವಡಿಸಿ ‘ಗದಾಯುದ್ಧ ನಾಟಕಂ’ ಎಂದು ಪ್ರಕಟಿಸಿದ ಮೇಲೆ, ಹಳಗನ್ನಡದ ವೃತ್ತಕಂದಗಳು ನಟನ ಬಾಯಿಂದ ಮಾತಾಗಿ ಹೊರಡುವದಕ್ಕೆ ದಾರಿಯಾಯಿತು. ಧಾರವಾಡ ಸೀಮೆಯ ಹಳ್ಳಿಗಳ ವಿದ್ಯಾರ್ಥಿಗಳಿಗೆ ಈ ಕೃತಿಯು ಪರಕೀಯವಲ್ಲ. ಅಣ್ಣಿಗೇರಿಯು ಬೆಳ್ವೊಲದ ಪ್ರಮುಖ ಸ್ಥಾನ. ಪಂಪನ ತಾಯಿ ಅಬ್ಬಣಬ್ಬೆಯು ಅಲ್ಲಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರ್ಕ್ಯಾಲದ ಶಾಸನವು ಹೇಳುತ್ತದೆ. ಆದರೆ ನೆಲದ ಹಿರಿಮೆಯು ನಾಲಗೆಯನ್ನು ತಿದ್ದಲಾರದು. ತಿದ್ದುವದು ಶಿಕ್ಷಕನ ಹೊಣೆ.

ಪದ್ಯವನ್ನು ಕೆಡಿಸುವ ರೂಢಿಗಳು ಎರಡು. ಒಂದು ರಾಗದ ಮೋಹ. ಕುಂದಗೋಳದ ಸವಾಯಿ ಗಂಧರ್ವರು (1886–1952) ರಂಗದ ಮೇಲೂ ಹಾಡಿ ಮೆರೆದವರು; ಅಂಥ ಗಾನದ ಕೀರ್ತಿ ಹಬ್ಬಿದ ಸೀಮೆಯಲ್ಲಿ ಪದ್ಯ ಕಂಡೊಡನೆ ಆಲಾಪವನ್ನೆತ್ತುವದು ಸಹಜವೇ ಸರಿ. ಆದರೆ ರನ್ನನ ದುರ್ಯೋಧನನು ಹಾಡುವದಿಲ್ಲ, ನುಡಿಯುತ್ತಾನೆ. ಇನ್ನೊಂದು ಸಂಸ್ಕೃತ ಪಾಠಶಾಲೆಯ ಶ್ಲೋಕಪಠನದ ಅಭ್ಯಾಸ; ಇದು ಹೆಚ್ಚು ಅಪಾಯಕರ, ಏಕೆಂದರೆ ಶಾಸ್ತ್ರದ ವೇಷದಲ್ಲಿ ಬರುತ್ತದೆ. ಸ್ರಗ್ಧರೆಯಲ್ಲಿ ಏಳೇಳು ಅಕ್ಷರಗಳಿಗೆ ಯತಿಯುಂಟೆಂದು ಕಲಿತವನು ಕನ್ನಡದಲ್ಲಿಯೂ ಅಲ್ಲಿಯೇ ನಿಲ್ಲುತ್ತಾನೆ. ಕನ್ನಡ ಕವಿಗಳು ಯತಿಗೆ ಕಟ್ಟುಬಿದ್ದವರಲ್ಲ. ಅವರ ಮಾತು ಪಾದಾಂತವನ್ನೂ ದಾಟಿ ಹರಿಯುತ್ತದೆ. ಹೀಗೆ ನಿಂತರೆ ಪದವು ನಡುವೆ ಮುರಿದು ಅರ್ಥವು ಸಾಯುತ್ತದೆ.

ಆದುದರಿಂದ ತಾಲೀಮಿನ ಮೊದಲ ದಿನಗಳಲ್ಲಿ ಛಂದಸ್ಸಿನ ಮಾತನ್ನೇ ಎತ್ತಬಾರದು. ವಿದ್ಯಾರ್ಥಿಯು ಪದ್ಯವನ್ನು ಅನ್ವಯಿಸಿ, ಯಾರಿಗೆ, ಏನನ್ನು ಕುರಿತು ನುಡಿಯುತ್ತಿರುವೆನೆಂಬುದನ್ನು ತನ್ನ ಮನೆಮಾತಿನಲ್ಲಿ ಹೇಳಲಿ. ಉಸಿರು ವಾಕ್ಯದ ಸಂಧಿಯಲ್ಲಿ ಬೀಳಲಿ. ಆ ಬಳಿಕವೇ ಲಘುಗುರುಗಳ ಎಣಿಕೆ. ಅಲ್ಲಿಯೂ ಶಿಥಿಲದ್ವಿತ್ವದ ಎಚ್ಚರ ಬೇಕು: ‘ನೆಗೞ್ದ’ ಎಂಬಂಥ ಪದದಲ್ಲಿ ಒತ್ತಕ್ಷರದ ಹಿಂದಿನದನ್ನು ಗುರುವೆಂದು ಒತ್ತಿದರೆ, ಕವಿಯು ಅದನ್ನು ಲಘುವಾಗಿಸಿದೆಡೆಯಲ್ಲಿ ವೃತ್ತವು ಕುಂಟುತ್ತದೆ. ಕೇಶಿರಾಜನನ್ನು ಓದದ ಶಿಕ್ಷಕನು ಇಲ್ಲಿ ಕವಿಯ ಮೇಲೆಯೇ ತಪ್ಪು ಹೊರಿಸಿಯಾನು.

ಈ ಶಿಕ್ಷಣದ ಒರೆಗಲ್ಲು ರಣರಂಗದ ಪ್ರಸಂಗ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆದು ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರನ್ನು ಕಾಣುತ್ತಾನೆ. ಇವೆಲ್ಲ ಶೋಕವೆಂದು ಒಂದೇ ಕರುಣಸ್ವರದಲ್ಲಿ ಅಳುವ ವಿದ್ಯಾರ್ಥಿಯು ಏನನ್ನೂ ತಿಳಿದಿಲ್ಲ. ಗುರುವಿನ ಮುಂದೆ ನಮ್ರತೆ. ಶತ್ರುಪುತ್ರನ ಮುಂದೆ, ಅಂಥ ಸಾವು ತನಗೂ ಬರಲೆಂಬ ಮೆಚ್ಚುಗೆ. ಮಗನ ಮುಂದೆ, ತರ್ಪಣ ಕೊಡಬೇಕಾದವನಿಗೆ ತಾನೇ ಕೊಡಬೇಕಾಯಿತೆಂಬ ವಿಪರ್ಯಾಸ. ಕರ್ಣನ ಮುಂದೆ ಮಾತೇ ತುಂಡಾಗುತ್ತದೆ. ಅಲ್ಲಿ ಛಂದಸ್ಸನ್ನು ಕಾಯುತ್ತಲೇ ಮಾತನ್ನು ತುಂಡರಿಸುವದು ಪಳಗಿದವರಿಗೂ ಕಷ್ಟ. ಒಂದು ತಿಂಗಳ ಅಭ್ಯಾಸವನ್ನು ಆ ಒಂದು ಪ್ರಸಂಗಕ್ಕೆ ಕೊಟ್ಟರೂ ಹೆಚ್ಚಲ್ಲ. ಭೀಮನ ಪಾತ್ರ ಅಷ್ಟು ತೊಡಕಿನದಲ್ಲ. ಹುಡುಗರು ಗರ್ಜಿಸುವದನ್ನು ಯಾರೂ ಕಲಿಸಬೇಕಾಗಿಲ್ಲ.

ನಾಟಕರೂಪದಲ್ಲಿ ಒಂದು ಕೊರತೆಯುಂಟು. ರನ್ನನ ಪದ್ಯಗಳ ಮೇಲಣ ಪ್ರೀತಿಯಿಂದ ಸಂಪಾದಕರು ಅವನ್ನು ಒತ್ತಾಗಿ ಉಳಿಸಿಕೊಂಡಿದ್ದಾರೆ. ದುರ್ಯೋಧನನ ಭಾರವನ್ನು ಒಬ್ಬ ಬಾಲಕನು ಹೊರಲಾರನು. ಕಡಿಮೆ ಮಾಡುವದಾದರೆ ಇಡಿಯ ಪದ್ಯವನ್ನೇ ಬಿಡತಕ್ಕದ್ದು; ಅರ್ಧವನ್ನು ಕತ್ತರಿಸಿದರೆ ಪ್ರಾಸವೂ ವಾಕ್ಯವೂ ಅನಾಥವಾಗುವವು. ಪ್ರಾಸದಿಂದ ಇನ್ನೊಂದು ಉಪಕಾರವುಂಟು: ನಟನು ಮರೆತಾಗ ಪರದೆಯ ಹಿಂದಿನಿಂದ ಪಾದದ ಮೊದಲೆರಡು ಅಕ್ಷರಗಳನ್ನು ಮೆಲ್ಲಗೆ ಹೇಳಿದರೆ ಸಾಕು, ಎರಡನೆಯ ಅಕ್ಷರದ ಪ್ರಾಸವೇ ಮುಂದಿನ ಪಾದಗಳನ್ನು ನೆನಪಿಗೆ ಎಳೆದು ತರುತ್ತದೆ.