ನೆಲದ ಟಿಕೇಟು

ದಲಿತ ವಿಮರ್ಶೆ ಇಷ್ಟು ವರ್ಷ ಕವಿತೆ ಓದಿದೆ, ಆತ್ಮಕಥನ ಓದಿದೆ, ಶಿಷ್ಟರ ಕಾದಂಬರಿಗಳ ಹೊಟ್ಟೆ ಬಗೆದು ನೋಡಿದೆ. ಆದರೆ ನಮ್ಮ ಕೇರಿಯ ಜನ ಕೂಲಿಯ ದುಡ್ಡಿನಲ್ಲಿ ಟಿಕೇಟು ಕೊಂಡು, ಅತ್ತು, ಸಿಳ್ಳೆ ಹೊಡೆದು ನೋಡಿದ ಸಿನೆಮಾವನ್ನು ಅಷ್ಟಾಗಿ ಮುಟ್ಟಿಲ್ಲ. 'ಅದೆಲ್ಲ ಬರೀ ಮನರಂಜನೆ ಕಣ್ರೀ' ಎಂದು ತಳ್ಳಿಹಾಕುವ ಗೆಳೆಯರು ಚಳವಳಿಯೊಳಗೂ ಇದ್ದಾರೆ. ನಾನು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪಂಪನಿಗಿಂತ ಮೊದಲು ನನಗೆ ಪರಿಚಯವಾದದ್ದು ರಾಜ್‌ಕುಮಾರ್. ಹಾಗಾಗಿ ನನ್ನ ಮೆಚ್ಚಿನ ಕೆಲವು ಚಿತ್ರಗಳನ್ನು, ಒಂದು ಟಿ.ವಿ. ಧಾರಾವಾಹಿಯನ್ನು ಇಲ್ಲಿ ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. ಮೆಚ್ಚಿದ್ದನ್ನೇ ಪ್ರಶ್ನಿಸಬೇಕು. ಮೆಚ್ಚದ್ದನ್ನು ಬೈಯುವುದಕ್ಕೆ ವಿಮರ್ಶೆ ಯಾಕೆ ಬೇಕು?

ನಮ್ಮಪ್ಪನ ಕಾಲದಲ್ಲಿ ಟೆಂಟಿನಲ್ಲಿ ಎಲ್ಲಕ್ಕಿಂತ ಅಗ್ಗದ್ದು ನೆಲದ ಟಿಕೇಟು. 'ದೀಪ ಆರುದ್ಮೇಲೆ ಪಕ್ದಲ್ಲಿ ಕೂತೋನು ಯಾವ ಕೇರಿಯೋನು ಅಂತ ಯಾರು ಕೇಳೋರು ಕಣ್ಲಾ' ಅನ್ನುತ್ತಿದ್ದ. ದೇವಸ್ಥಾನದ ಮೆಟ್ಟಿಲು ಹತ್ತಲಾಗದವನಿಗೆ ಆ ಕತ್ತಲೆ ದೊಡ್ಡ ಸಮಾನತೆಯಾಗಿತ್ತು. 1954ರ 'ಬೇಡರ ಕಣ್ಣಪ್ಪ'ದಲ್ಲಿ ಬೇಡನೊಬ್ಬ ಪೂಜಾರಿಯ ಹಂಗಿಲ್ಲದೆ ದೇವರನ್ನು ಮುಟ್ಟಿದ್ದನ್ನು ಈ ಜನ ನೆಲದ ಮೇಲೆ ಕೂತು ನೋಡಿದರು. ಮುಂದೆ ಅದೇ ನಟ ನೋಡುಗರನ್ನು 'ಅಭಿಮಾನಿ ದೇವರುಗಳೇ' ಎಂದು ಕರೆದ. ಊರು ಮನುಷ್ಯ ಎನ್ನಲು ಹಿಂದೆಮುಂದೆ ನೋಡಿದವನನ್ನು ಒಬ್ಬ ನಟ ದೇವರು ಎಂದ. ಕೇರಿಯ ಗೋಡೆಗಳ ಮೇಲೆ ಅಂಬೇಡ್ಕರ್ ಪಟದ ಪಕ್ಕ ರಾಜ್‌ಕುಮಾರ್ ಪಟ ಯಾಕೆ ಬಂತು ಎನ್ನುವುದನ್ನು ಇಲ್ಲಿಂದ ಅರ್ಥ ಮಾಡಿಕೊಳ್ಳಬೇಕು. ಇದನ್ನು ಬರೀ ಮೌಢ್ಯ ಎನ್ನುವುದು ಮೇಲಿನಿಂದ ನೋಡುವವರ ಮಾತು.

ಆದರೆ ದೀಪ ಹತ್ತಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ. ಟೆಂಟಿನ ನೆಲ ನಮಗೆ ಸಿಕ್ಕಿತು. ಪರದೆಯ ಮೇಲಿನ ನೆಲ ಯಾರಿಗೆ ಸಿಕ್ಕಿತು?

ಸಿದ್ದಲಿಂಗಯ್ಯ ನಿರ್ದೇಶನದ 'ಬಂಗಾರದ ಮನುಷ್ಯ' ಬಂದದ್ದು 1972ರಲ್ಲಿ. ಇವರು ಕವಿ ಸಿದ್ದಲಿಂಗಯ್ಯನವರಲ್ಲ, ನಿರ್ದೇಶಕರು. ಚಿತ್ರಕ್ಕೆ ಆಧಾರ ಟಿ.ಕೆ. ರಾಮರಾವ್ ಅವರ ಕಾದಂಬರಿ. ಅದು ನನಗೆ ಇವತ್ತಿಗೂ ಇಷ್ಟ. ಬೆವರು ಸುರಿಸಿದರೆ ಬರಡು ನೆಲವೂ ಬಂಗಾರವಾದೀತು ಎಂಬ ಅದರ ನಂಬಿಕೆ ಎಂಥವನನ್ನೂ ಕದಲಿಸುತ್ತದೆ. ಪೇಟೆ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ಇಳಿದ ಯುವಕರ ಕತೆಗಳನ್ನು ಈಗಲೂ ಜನ ಹೇಳುತ್ತಾರೆ. ಆದರೆ ಮರಳಿ ಹೋಗಲು ಹಳ್ಳಿಯಲ್ಲಿ ಹೊಲ ಇರಬೇಕಲ್ಲ? ನಮ್ಮ ಅಜ್ಜಂದಿರು ಬೆವರು ಸುರಿಸುವುದರಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ಅವರ ಬೆವರಿಗೆ ಬಂಗಾರವಾದದ್ದು ಮಂದಿಯ ಹೊಲ. ರಾಜೀವನ ಜೊತೆಗೆ ಗುದ್ದಲಿ ಹಿಡಿದವರ ಹೆಸರು ನಮ್ಮ ಯಾರ ನೆನಪಿನಲ್ಲೂ ಉಳಿದಿಲ್ಲ. ಕೊನೆಗೆ ಮನೆಯವರ ಮಾತಿಗೆ ನೊಂದು ರಾಜೀವ ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಟಾಕೀಸಿಗೆ ಟಾಕೀಸೇ ಅತ್ತಿತು, ನಮ್ಮವ್ವನೂ ಅತ್ತಳು. ಆ ತ್ಯಾಗ ದೊಡ್ಡದು ನಿಜ. ಆದರೆ ಬಿಟ್ಟು ಹೋಗುವುದಕ್ಕೂ ಮೊದಲು ಕೈಯಲ್ಲಿ ಏನಾದರೂ ಇರಬೇಕು.

ಮೂರು ವರ್ಷ ಕಳೆದು, 1975ರಲ್ಲಿ, ಬಿ.ವಿ. ಕಾರಂತರ 'ಚೋಮನ ದುಡಿ' ಬಂತು. ಶಿವರಾಮ ಕಾರಂತರ 1933ರ ಕಾದಂಬರಿ ಅದರ ಮೂಲ. ಚಿತ್ರಕ್ಕೆ ಸ್ವರ್ಣಕಮಲ, ಚೋಮನಾದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ಈ ಮೂರು ವರ್ಷಗಳ ನಡುವೆ ಕರ್ನಾಟಕ ಸುಮ್ಮನಿರಲಿಲ್ಲ. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದು ಮೈಸೂರಿನಲ್ಲಿ ಹೇಳಿ ಸ್ಥಾನ ಕಳೆದುಕೊಂಡರು. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆಯ ತಿದ್ದುಪಡಿಯನ್ನು ಜಾರಿಗೆ ತಂದಿತು. ಅದು ಗೇಣಿದಾರನಿಗೆ ನೆಲ ಕೊಟ್ಟಿತು. ಗೇಣಿಯ ಹಕ್ಕೂ ಇಲ್ಲದ ಕೂಲಿಯಾಳು, ಜೀತದಾಳು, ಅಂದರೆ ನಮ್ಮವರಲ್ಲಿ ಬಹುಪಾಲು ಜನ, ಅದರ ಹೊರಗೇ ಉಳಿದರು. ಚೋಮ ಅಂಥವನು. ಅವನ ಹತ್ತಿರ ಜೋಡಿ ಎತ್ತಿವೆ, ಉಳುವ ತೋಳಿದೆ, ಆಸೆಯಿದೆ, ನೆಲ ಇಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಮೆತ್ತಗಾದರೂ ಹೊಲೆಯನಿಗೆ ಬೇಸಾಯ ಕೊಡುವುದು ಪದ್ಧತಿಯಲ್ಲ ಎಂದು ಅವನ ತಾಯಿ ತಡೆಯುತ್ತಾಳೆ. ತರಗತಿಯಲ್ಲಿ ಈ ಚಿತ್ರ ತೋರಿಸಿದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: 'ಸಾರ್, ಅಷ್ಟು ಸಿಟ್ಟು ಇದ್ದೋನು ದುಡೀನ ಯಾಕೆ ಬಡೀತಾನೆ, ಒಡೇನ ಬಾಗ್ಲು ಯಾಕೆ ಬಡಿಯಲ್ಲ?'

ಇಡೀ ಚಿತ್ರದ ವಿಮರ್ಶೆ ಆ ಪ್ರಶ್ನೆಯಲ್ಲಿದೆ. ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಅವನ ನೋವನ್ನು ಕಾರಂತರಿಬ್ಬರೂ ಪ್ರಾಮಾಣಿಕವಾಗಿ ಕಂಡಿದ್ದಾರೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವನ ಸಿಟ್ಟು ಒಳಮುಖವಾಗಿ ತಿರುಗಿ ಅವನನ್ನೇ ಸುಟ್ಟಿತು. ಹೊರಗೆ ನಿಂತ ಸಹೃದಯನಿಗೆ ಅದು ಮರುಕ ಹುಟ್ಟಿಸುತ್ತದೆ. ಒಳಗಿನವನಿಗೆ ಉಸಿರು ಕಟ್ಟಿಸುತ್ತದೆ. ನಾನು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದ್ದೇನೆ, ಒಮ್ಮೆಯೂ ನೆಮ್ಮದಿಯಿಂದ ಎದ್ದಿಲ್ಲ.

ಕಾದಂಬರಿಯಲ್ಲಿ ಇನ್ನೊಂದು ಸಂಗತಿಯಿದೆ. ಮತಾಂತರವಾದರೆ ನೆಲ ಸಿಗುತ್ತದೆ ಎಂದು ಹೊರಟ ಚೋಮನನ್ನು ಅರ್ಧ ದಾರಿಯಲ್ಲಿ ತಡೆದು ವಾಪಸು ಕಳಿಸುವುದು ಪಂಜುರ್ಲಿಯ ಮೇಲಿನ ಭಯಭಕ್ತಿ. 2022ರಲ್ಲಿ ರಿಷಬ್ ಶೆಟ್ಟಿಯವರ 'ಕಾಂತಾರ' ಬಂದಾಗ ನನಗೆ ಥಟ್ಟನೆ ನೆನಪಾದದ್ದು ಇದು. ಇಲ್ಲಿಯೂ ಪಂಜುರ್ಲಿ, ಇಲ್ಲಿಯೂ ನೆಲ. ಅಂದು ನೆಲ ತಪ್ಪಿಸಿದ ದೈವ ಇಂದು ನೆಲ ಕಾಯುವ ದೈವವಾಗಿದೆ! ಕೊನೆಯ ಕಾಲುಗಂಟೆಯಲ್ಲಿ ನಾನೂ ಕುರ್ಚಿಯ ತುದಿಗೆ ಬಂದಿದ್ದೆ, ಸುಳ್ಳು ಯಾಕೆ ಹೇಳಲಿ. ಕನ್ನಡದ ಒಂದು ಮೂಲೆಯ ಆರಾಧನೆ ದೇಶವನ್ನೇ ನಡುಗಿಸಿತು. ಆದರೆ ದೈವದ ಪಾತ್ರಿ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಸೇರಿಸಿದಾಗ ಕತೆ ಮುಗಿದುಬಿಡುತ್ತದೆ. ಹಕ್ಕುಪತ್ರದ ಮಾತು ಬಂದಲ್ಲಿ ದೈವದ ಅಭಯ ಬಂತು. ತುಳುನಾಡಿನಲ್ಲಿ ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಅಣಿ ಕಟ್ಟಿದ ರಾತ್ರಿ ಗುತ್ತಿನ ಯಜಮಾನ ಅವರೆದುರು ಕೈಮುಗಿಯುತ್ತಾನೆ. ಬಣ್ಣ ತೊಳೆದ ಬೆಳಗ್ಗೆ ಅವರು ನಿಲ್ಲುವ ಜಾಗ ಯಾವುದು? ಆ ಬೆಳಗಿನ ಕಡೆಗೆ ಕ್ಯಾಮೆರಾ ತಿರುಗಲಿಲ್ಲ ಎನ್ನುವುದೇ ನನ್ನ ತಕರಾರು.

ನೆಲ ನಮ್ಮ ಹಕ್ಕು ಎಂದು ದೈವದ ಹಂಗಿಲ್ಲದೆ ಹೇಳಿದ ಚಿತ್ರ ತಮಿಳಿನಿಂದ ಬಂತು. 2018ರ ಪಾ. ರಂಜಿತ್ ಅವರ 'ಕಾಲಾ'. ದೊಡ್ಡ ತಾರೆಯೊಬ್ಬನನ್ನು ಧಾರಾವಿಯ ಕಪ್ಪು ಮನುಷ್ಯನನ್ನಾಗಿ ನಿಲ್ಲಿಸಿ, ರಾಮ ರಾವಣರ ಕತೆಯನ್ನೇ ತಿರುವಿಹಾಕಿದ ಧೈರ್ಯ ಅದು. ಕರ್ನಾಟಕದಲ್ಲಿ ಆಗ ನಡೆದ ಗಲಾಟೆಯೆಲ್ಲ ನಾಯಕ ನಟನ ಕಾವೇರಿ ಹೇಳಿಕೆಯ ಬಗ್ಗೆ. ಚಿತ್ರದೊಳಗಿನ ನೆಲದ ಮಾತು ಅದರ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಯಿತು.

ಇನ್ನು ಟಿ.ವಿ.ಯ ವಿಷಯ. 1987ರಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಬಂದಾಗ ಟಿ.ವಿ. ಪೆಟ್ಟಿಗೆಗೆ ಹೂ ಹಾಕಿ ಊದುಬತ್ತಿ ಹಚ್ಚಿದ ದೇಶ ನಮ್ಮದು. ನಮ್ಮ ಕೇರಿಯವರ ಸರದಿ 2020ರ ಜುಲೈನಲ್ಲಿ ಬಂತು. ಹಿಂದಿಯ ಅಂಬೇಡ್ಕರ್ ಧಾರಾವಾಹಿ ಜೀ ಕನ್ನಡದಲ್ಲಿ 'ಮಹಾನಾಯಕ'ವಾಗಿ ಕನ್ನಡ ಮಾತಾಡಿತು. ಹಳ್ಳಿ ಹಳ್ಳಿಯಲ್ಲಿ ಯುವಕರು ಚಂದಾ ಎತ್ತಿ ಫ್ಲೆಕ್ಸ್ ಕಟ್ಟಿದರು. ಕೆಲವು ಕಡೆ ಅದನ್ನು ಹರಿದರು. ಒಂದು ಧಾರಾವಾಹಿಯ ಫ್ಲೆಕ್ಸ್ ಹರಿಯುವಷ್ಟು ಸಿಟ್ಟು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ? ಕಲೆಯಾಗಿ ಅದು ಸಪ್ಪೆ ಅನ್ನುವುದನ್ನು ಒಪ್ಪುತ್ತೇನೆ. ಎಳೆದದ್ದೇ ಎಳೆಯುತ್ತದೆ, ಜಾತಿಯನ್ನು ನಾಲ್ಕು ಕೆಟ್ಟ ಜನರ ಕೇಡಿತನವನ್ನಾಗಿ ಕುಗ್ಗಿಸುತ್ತದೆ. ಆದರೂ ನಮ್ಮವ್ವ, ಓದು ಬರಹ ಬಾರದವಳು, ರಮಾಬಾಯಿಯ ಕಷ್ಟವನ್ನು ತನ್ನ ತಂಗಿಯ ಕಷ್ಟದಂತೆ ನೆರೆಮನೆಯವಳಿಗೆ ಹೇಳುತ್ತಾಳೆ. ನನ್ನ ಯಾವ ಭಾಷಣವೂ ಮಾಡದ ಕೆಲಸ ಅದು.

ಇಲ್ಲಿ ಇನ್ನೊಂದು ಗಂಟನ್ನು ಬಿಚ್ಚಬೇಕು. ಡಬ್ಬಿಂಗ್ ಬಂದರೆ ಕನ್ನಡ ಸಂಸ್ಕೃತಿ ಹಾಳಾಗುತ್ತದೆ ಎಂದು ದಶಕಗಳ ಕಾಲ ಅದಕ್ಕೆ ಬೇಲಿ ಹಾಕಲಾಗಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ಬೇಲಿ ತಪ್ಪು ಎಂದಿತು. ಕಲಾವಿದರ ಅನ್ನದ ಪ್ರಶ್ನೆ ನಿಜವಾದ ಪ್ರಶ್ನೆಯೇ. ಆದರೆ ಬೇಲಿಯೊಳಗೆ ಬೆಳೆದ ಕನ್ನಡದ ಟಿ.ವಿ. ನಮ್ಮ ಮನೆಗಳಿಗೆ ಬಾಬಾಸಾಹೇಬರನ್ನು ಹೀಗೆ ದಿನಬಳಕೆಯ ಮಾತಾಗಿಸಿ ಕೊಟ್ಟಿರಲಿಲ್ಲ. ಕೊಟ್ಟದ್ದು ಬೇಲಿ ದಾಟಿ ಬಂದ ಕತೆ. ಯಾವ ಸಂಸ್ಕೃತಿಯನ್ನು, ಯಾರಿಗಾಗಿ ಕಾಯಲಾಯಿತು?

ನನ್ನ ಮೆಚ್ಚಿನ ಚಿತ್ರಗಳಲ್ಲಿ ಮೊದಲನೆಯದು ನಾಗರಾಜ ಮಂಜುಳೆಯವರ ಮರಾಠಿ 'ಫಂಡ್ರಿ', 2013ರದ್ದು. ಹಂದಿ ಹಿಡಿಯುವ ಕೈಕಾಡಿ ಕುಟುಂಬದ ಹುಡುಗ ಜಬ್ಯಾ. ಹಂದಿ ಕೈಗೆ ಸಿಗುವ ಹೊತ್ತಿಗೆ ಶಾಲೆಯಿಂದ ರಾಷ್ಟ್ರಗೀತೆ ಕೇಳುತ್ತದೆ; ಮನೆಯವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ, ಹಂದಿ ಮಾತ್ರ ಓಡುತ್ತದೆ. ಸತ್ತ ಹಂದಿಯನ್ನು ಹೊತ್ತು ಹೋಗುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್ ಚಿತ್ರ. ಕೊನೆಗೆ ಜಬ್ಯಾ ಬೀಸಿದ ಕಲ್ಲು ನೇರ ಕ್ಯಾಮೆರಾಕ್ಕೆ, ಅಂದರೆ ಕೂತು ನೋಡುತ್ತಿರುವ ನಮ್ಮೆಲ್ಲರ ಮುಖಕ್ಕೆ ಬರುತ್ತದೆ. ನನ್ನ ವಿದ್ಯಾರ್ಥಿನಿ ಚೋಮನಿಂದ ಬಯಸಿದ್ದು ಇದನ್ನೇ. ಚೋಮನನ್ನು ಬರೆದವರು ಅವನನ್ನು ಹೊರಗಿನಿಂದ ಪ್ರೀತಿಸಿದರು. ಜಬ್ಯಾನ ಕೈಗೆ ಕಲ್ಲು ಕೊಟ್ಟವರು ಆ ಬದುಕನ್ನು ಹತ್ತಿರದಿಂದ ಬಲ್ಲವರು.

ಹಾಗಾದರೆ ರಾಜ್‌ಕುಮಾರ್ ಪಟವನ್ನು ಗೋಡೆಯಿಂದ ಇಳಿಸಬೇಕೆ? ಬೇಡ. ನಮ್ಮಪ್ಪ ನೆಲದ ಟಿಕೇಟಿಗೆ ದುಡ್ಡು ಕೊಟ್ಟು ಪಡೆದ ಸಂತೋಷ ಅದು, ಯಾರೂ ಬಿಕ್ಷೆ ಹಾಕಿದ್ದಲ್ಲ. ಆದರೆ ಆ ಸಂತೋಷದ ಜೊತೆಗೆ ಲೆಕ್ಕವನ್ನೂ ಕೇಳುವ ನೋಡುಗ ಬೇಕು. ನಮ್ಮ ಪತ್ರಿಕೆಗಳು ಕವಿತೆಗೆ ಕೊಡುವಷ್ಟೇ ಪುಟವನ್ನು ಸಿನೆಮಾಕ್ಕೂ ಕೊಡಲಿ. ಹಾಸ್ಟೆಲಿನ ಹುಡುಗ ಹುಡುಗಿಯರು ನೋಡಿದ್ದನ್ನು ಬರೆಯಲಿ. ಸಂಘಟನೆಯ ಅಧ್ಯಯನ ಶಿಬಿರಗಳಲ್ಲಿ ಒಂದು ಸಂಜೆ ಪರದೆ ಕಟ್ಟಲಿ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹಿಡಿದುಕೊಂಡು, ಸರ್ಕಾರ ಕೊಟ್ಟು ಕೈತಪ್ಪಿದ ಜಮೀನಿಗಾಗಿ ಎ.ಸಿ. ಕಚೇರಿಗೆ ಅಲೆಯುವ ಮುದುಕರು ತಾಲ್ಲೂಕಿಗೆ ಎಷ್ಟು ಮಂದಿ ಬೇಕು? ಅವರಲ್ಲಿ ಒಬ್ಬನ ಕತೆ ಕನ್ನಡದ ಪರದೆಯ ಮೇಲೆ ಬರಲಿ. ಅದಕ್ಕೆ ಮೊದಲ ದಿನದ ಮೊದಲ ಆಟಕ್ಕೆ ಸಾಲಿನಲ್ಲಿ ನಿಲ್ಲಲು ನಾನು ತಯಾರಿದ್ದೇನೆ.